ಮೈಸೂರು–ಮಂಡ್ಯ ಸೀಮೆಯ ಕೆರೆ ನಾಲೆಗಳಲ್ಲಿ ಸಿಹಿನೀರಿನ ಲಿಂಪೆಟ್ ಹುಡುಕುವ ಬಗೆ

ನಮ್ಮ ಸೀಮೆಯ ಕೆರೆ, ನಾಲೆ, ಗದ್ದೆಗಳಲ್ಲಿ ಬದುಕುವ ಬಸವನಹುಳುಗಳಲ್ಲಿ ಹೆಚ್ಚಿನವನ್ನು ಹಳ್ಳಿಯ ಮಕ್ಕಳೂ ಗುರುತಿಸಬಲ್ಲರು. ಗದ್ದೆಯ ಬದುವಿನ ಹಸಿಮಣ್ಣಿನಲ್ಲಿ ಬಿಳಿಯ ಮೊಟ್ಟೆಗಳನ್ನಿಡುವ ಗುಂಡಗಿನ ಪೈಲಾ, ಕೆರೆಯಂಚಿನ ಕೆಸರಿನಲ್ಲಿ ಸಿಗುವ ಬೆಲ್ಲಾಮಿಯಾ, ನೀಳವಾಗಿ ಚೂಪಾದ ಮೆಲನಾಯ್ಡಿಸ್, ಚಪ್ಪಟೆಯಾಗಿ ಸುತ್ತಿಕೊಂಡ ಇಂಡೋಪ್ಲಾನಾರ್ಬಿಸ್ ಇವೆಲ್ಲವೂ ಸುರುಳಿ ಚಿಪ್ಪಿನವು. ಇವುಗಳ ನಡುವೆಯೇ ಸುರುಳಿಯಿಲ್ಲದ, ಟೋಪಿಯಾಕಾರದ ಚಿಪ್ಪನ್ನು ಬೋರಲಾಗಿ ಹೊತ್ತ ಜೀವಿಯೊಂದಿದೆ. ಎಳ್ಳಿನ ಕಾಳಿನಷ್ಟೇ ಗಾತ್ರದ ಅದನ್ನು ಕಂಡವರು ಬಹಳ ಕಡಿಮೆ. ಅದೇ ಸಿಹಿನೀರಿನ ಲಿಂಪೆಟ್. ನಮ್ಮ ಭಾಗದಲ್ಲಿ ಹುಡುಕಬೇಕಾದದ್ದು ಫೆರಿಸಿಯಾ ಎಂಬ ಕುಲದ ಲಿಂಪೆಟ್ಟನ್ನು. ಬಲೆ ಬೀಸಿ ನೀರನ್ನು ಜಾಲಾಡುವವರಿಗೆ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ನೀರಿನೊಳಗಿರುವ ಗಟ್ಟಿ ವಸ್ತುಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ಓರೆಬೆಳಕಿಗೆ ಹಿಡಿದು ನೋಡುವವರಿಗೆ ಸಿಗುತ್ತದೆ. ಆ ನೋಡುವ ಕ್ರಮವನ್ನೇ ಇಲ್ಲಿ ವಿವರಿಸಲಾಗಿದೆ.

ಮೊದಲು ಜೀವಿಯನ್ನು ಅರಿಯಬೇಕು

ಹೆಸರಿನಲ್ಲಿ ಲಿಂಪೆಟ್ ಎಂದಿದ್ದರೂ ಕಾರವಾರ, ಮಲ್ಪೆಗಳ ಕಡಲಬಂಡೆಗೆ ಅಂಟಿಕೊಂಡಿರುವ ಲಿಂಪೆಟ್‌ಗಳಿಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಫೆರಿಸಿಯಾವನ್ನು ಈಗ ಪ್ಲಾನಾರ್ಬಿಡೇ ಕುಟುಂಬದಲ್ಲಿ ಸೇರಿಸಲಾಗಿದೆ; ಅಂದರೆ ನಮ್ಮ ಕೆರೆಗಳ ಇಂಡೋಪ್ಲಾನಾರ್ಬಿಸ್ ಇದರ ದಾಯಾದಿ. ಆ ಬಳಗದ ಉಳಿದ ಹುಳುಗಳು ಆಗಾಗ ನೀರಿನ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಗಾಳಿ ತುಂಬಿಕೊಂಡು ಹಿಂದಿರುಗುತ್ತವೆ. ಲಿಂಪೆಟ್ ಹಾಗೆ ಮೇಲೆ ಬರುವುದಿಲ್ಲ. ಅದರಲ್ಲಿ ಶ್ವಾಸಕೋಶ ನಶಿಸಿಹೋಗಿದ್ದು, ಮೈಯ ಎಡಪಕ್ಕದ ಚರ್ಮದ ಮಡಿಕೆಯೊಂದು ಹುಸಿ ಕಿವಿರಾಗಿ ಕೆಲಸ ಮಾಡುತ್ತದೆ; ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಅದು ಹೀರಬೇಕು. ಪೈಲಾದಂತೆ ಬಾಗಿಲು ಹಾಕಿಕೊಳ್ಳಲು ಇದಕ್ಕೆ ಮುಚ್ಚಳವೂ ಇಲ್ಲ. ಅಪಾಯ ಬಂದರೆ ಚಿಪ್ಪಿನ ಅಂಚನ್ನು ತಾನು ಕುಳಿತ ವಸ್ತುವಿಗೆ ಒತ್ತಿ ಹಿಡಿಯುವುದೊಂದೇ ರಕ್ಷಣೆ. ಆಹಾರವೆಂದರೆ ಕಲ್ಲು, ಎಲೆಗಳ ಮೇಲೆ ತೆಳುವಾಗಿ ಹಬ್ಬಿದ ಡಯಾಟಮ್ ಮತ್ತು ಇತರ ಸೂಕ್ಷ್ಮ ಪಾಚಿ. ಅದನ್ನು ಹಲ್ಲುಪಟ್ಟಿಯಿಂದ ಕೆರೆದು ತಿನ್ನುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ನೆಲೆಯನ್ನು ಊಹಿಸುವುದು ಕಷ್ಟವಲ್ಲ. ಅದಕ್ಕೆ ಅಂಚು ಒತ್ತಿ ಹಿಡಿಯಲು ಬರುವಷ್ಟು ನಯವಾದ ಗಟ್ಟಿ ಮೇಲ್ಮೈ ಬೇಕು, ಆ ಮೇಲ್ಮೈಯ ಮೇಲೆ ತೆಳುಪಾಚಿ ಇರಬೇಕು, ನೀರು ಕೊಳೆತು ಉಸಿರುಗಟ್ಟುವಂತಿರಬಾರದು. ಇವೆಲ್ಲಕ್ಕಿಂತ ಮುಖ್ಯವಾಗಿ ಹೂಳು ಕಡಿಮೆಯಿರಬೇಕು. ಕಲ್ಲಿನ ಮೇಲೆ ಬೆರಳಾಡಿಸಿದಾಗ ನುಣ್ಣನೆಯ ಮಣ್ಣು ಮೆತ್ತಿಕೊಂಡು ಗೆರೆ ಮೂಡಿದರೆ ಅಲ್ಲಿ ಹೆಚ್ಚು ಹೊತ್ತು ಕಳೆಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಉದ್ದನೆಯ ಎಳೆಪಾಚಿ ದಟ್ಟವಾಗಿ ಬೆಳೆದ ಕಲ್ಲುಗಳನ್ನೂ ಬಿಟ್ಟು ಮುಂದೆ ಹೋಗಬಹುದು. ಅಂಥಲ್ಲಿ ಚಿಪ್ಪಿನ ಅಂಚು ಕಲ್ಲಿಗೆ ತಾಗುವುದೇ ಇಲ್ಲ.

ಯೂರೋಪಿನ ಹೊಳೆಗಳಲ್ಲಿರುವ ಆನ್ಸೈಲಸ್ ಫ್ಲುವಿಯಾಟಿಲಿಸ್ ಎಂಬ ಲಿಂಪೆಟ್ ರಭಸದ ಹರಿವಿನ ಕಲ್ಲುಗಳಲ್ಲಿ ಬದುಕುತ್ತದೆ. ಸಿಹಿನೀರಿನ ಲಿಂಪೆಟ್ ಕುರಿತು ಓದಲು ಸಿಗುವ ವಿವರಗಳಲ್ಲಿ ಬಹುಪಾಲು ಅದರ ವಿಷಯವೇ ಆಗಿರುವುದರಿಂದ, ನಮ್ಮವರೂ ಬಲಮುರಿಯಂಥ ಕಡೆ ಕಟ್ಟೆಯ ಮೇಲಿನಿಂದ ನೀರು ಧುಮುಕುವ ಜಾಗದಲ್ಲೇ ಹುಡುಕಲು ಹೊರಡುವುದುಂಟು. ಫೆರಿಸಿಯಾ ನಿಂತ ನೀರು ಮತ್ತು ಮಂದ ಹರಿವಿನ ಜೀವಿ. ಹೊಳೆಯಲ್ಲಿಯೂ ಅದು ಸಿಗುವುದು ದಡದ ಪಕ್ಕದ ಮಡುವುಗಳಲ್ಲಿ, ಬಂಡೆಯ ಮರೆಯಲ್ಲಿ, ನೀರು ಸುಳಿಯದೆ ಮೆಲ್ಲನೆ ತಿರುಗುವ ಕಡೆಗಳಲ್ಲಿ.

ಯಾವ ವಸ್ತುಗಳನ್ನು ತಿರುಗಿಸಿ ನೋಡಬೇಕು

ಹೊಳೆ ಮತ್ತು ನಾಲೆಗಳಲ್ಲಿ ಅಂಗೈಯಗಲದ, ಕೆಳಗೆ ಸ್ವಲ್ಪ ಟೊಳ್ಳು ಬಿಟ್ಟು ಕುಳಿತ ಕಲ್ಲುಗಳು ಒಳ್ಳೆಯವು. ಮಣ್ಣಿನಲ್ಲಿ ಅರ್ಧ ಹೂತ ಕಲ್ಲಿನ ತಳದಲ್ಲಿ ಗಾಳಿಯಾಡುವುದಿಲ್ಲ. ಬಿಸಿಲು ಬೀಳುವ ಮೇಲ್ಭಾಗಕ್ಕಿಂತ ಪಕ್ಕಗಳನ್ನೂ ಅಡಿಭಾಗವನ್ನೂ ಮೊದಲು ನೋಡಬೇಕು. ಕೆರೆಗಳಲ್ಲಿ ತಾವರೆ ಮತ್ತು ನೈದಿಲೆಯ ಎಲೆಗಳ ಅಡಿಮೈ, ಅವುಗಳ ದಂಟು, ಜೊಂಡಿನ ಹಳೆಯ ಕಾಂಡದ ನೀರೊಳಗಿನ ಭಾಗ ಇವು ಹುಡುಕಲು ತಕ್ಕವು. ಚಿಗುರೆಲೆಯನ್ನು ಬಿಟ್ಟು, ಅಂಚು ಹಳದಿಗೆ ತಿರುಗಿದ ಹಳೆಯ ಎಲೆಯನ್ನು ಆರಿಸಬೇಕು, ಏಕೆಂದರೆ ಪಾಚಿ ಹಬ್ಬಲು ಅದರ ಮೇಲೆ ಸಮಯ ಸಿಕ್ಕಿರುತ್ತದೆ. ನೀರಿಗೆ ಬಿದ್ದು ಬಹಳ ಕಾಲವಾದರೂ ಪುಡಿಯಾಗದ ಬಿದಿರಿನ ಎಲೆ, ತೆಂಗಿನ ಗರಿ, ಹೊಂಗೆಯ ಕೊಂಬೆಗಳನ್ನೂ ಬಿಡಬಾರದು.

ಬದುಕಿರುವ ಇತರ ಮೃದ್ವಂಗಿಗಳ ಚಿಪ್ಪೂ ಲಿಂಪೆಟ್ಟಿಗೆ ಕಲ್ಲಿನಷ್ಟೇ ಒಪ್ಪುತ್ತದೆ. ಕೆಸರು ಮತ್ತು ಮರಳು ಬಿಟ್ಟರೆ ಬೇರೆ ಗಟ್ಟಿ ವಸ್ತುವೇ ಇಲ್ಲದ ಕೆರೆಯಲ್ಲಿ ಬೆಲ್ಲಾಮಿಯಾದ ಬೆನ್ನು, ಲ್ಯಾಮೆಲ್ಲಿಡೆನ್ಸ್ ಎಂಬ ದೊಡ್ಡ ಕಪ್ಪೆಚಿಪ್ಪಿನ ಹೊರಚಾಚಿದ ತುದಿ ಇವುಗಳನ್ನು ಪರೀಕ್ಷಿಸಬೇಕು. ಜನರು ಎಸೆದ ಗಾಜಿನ ಬಾಟಲಿ, ಪ್ಲಾಸ್ಟಿಕ್ ಹಾಳೆಗಳ ಮೇಲೂ ಲಿಂಪೆಟ್ ನೆಲೆಸುತ್ತದೆಯೆಂಬುದು ಕೆರೆಯ ಸ್ವಚ್ಛತೆ ಬಯಸುವವರಿಗೆ ಕಹಿ ಎನಿಸಬಹುದು. ಆದರೂ ಪಾರದರ್ಶಕವಾದ ಬಾಟಲಿಯ ಮೇಲೆ ಅದನ್ನು ಕಾಣುವಷ್ಟು ಸುಲಭವಾಗಿ ಬೇರೆಲ್ಲೂ ಕಾಣಲಾಗದು. ನೋಡಿದ ಮೇಲೆ ಆ ಬಾಟಲಿಯನ್ನು ಏನು ಮಾಡಬೇಕೆಂಬುದನ್ನು ಓದುಗರೇ ತೀರ್ಮಾನಿಸಲಿ. ನಾನಾದರೋ ಜೀವಿಯನ್ನು ಪಕ್ಕದ ಕಲ್ಲಿಗೆ ದಾಟಿಸಿ ಬಾಟಲಿಯನ್ನು ಹೊರಗೆ ತರುತ್ತೇನೆ.

ಎಲ್ಲಿ, ಯಾವಾಗ

ಮಂಡ್ಯ ಜಿಲ್ಲೆಯಲ್ಲಿ ಪಾಂಡವಪುರದ ಬಳಿಯ ತೊಣ್ಣೂರು ಕೆರೆ ತಿಳಿನೀರು ಮತ್ತು ಕಲ್ಲಿನ ದಡಗಳಿಂದಾಗಿ ಹುಡುಕಾಟ ಕಲಿಯಲು ಅನುಕೂಲವಾದ ಸ್ಥಳ. ಶ್ರೀರಂಗಪಟ್ಟಣದ ಸುತ್ತಲಿನ ಹಳೆಯ ಕಟ್ಟೆನಾಲೆಗಳಾದ ಬಂಗಾರದೊಡ್ಡಿ, ವಿರಿಜಾ, ಚಿಕ್ಕದೇವರಾಯಸಾಗರ ನಾಲೆಗಳ ಕಲ್ಲುಕಟ್ಟಡದ ಬದಿಗಳು, ಲೋಕಪಾವನಿ ಹೊಳೆಯ ಆಳವಿಲ್ಲದ ಹರವುಗಳು, ಊರಿನ ಕಲ್ಯಾಣಿಗಳ ಮೆಟ್ಟಿಲುಗಳು ಪರೀಕ್ಷೆಗೆ ತಕ್ಕವು. ಮೈಸೂರು ನಗರದಲ್ಲಿ ಲಿಂಗಾಂಬುಧಿ ಕೆರೆ ಮತ್ತು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗಳಿವೆ; ಇಂಥ ಸಂರಕ್ಷಿತ ಕೆರೆಗಳಲ್ಲಿ ನೀರಿಗೆ ಕೈಹಾಕುವ ಮೊದಲು ಅವುಗಳ ಆಡಳಿತದ ಅನುಮತಿ ಕೇಳುವುದು ಕ್ರಮ. ರಂಗನತಿಟ್ಟು ಪಕ್ಷಿಧಾಮವಾದ್ದರಿಂದ ಅಲ್ಲಿ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಖಾಲಿ ಚಿಪ್ಪನ್ನೂ ಎತ್ತುವಂತಿಲ್ಲ.

ಕಾಲದ ಆಯ್ಕೆ ನೀರಿನ ಬಣ್ಣವನ್ನು ಅವಲಂಬಿಸಿದೆ. ಮುಂಗಾರಿನಲ್ಲಿ ಕಾವೇರಿ ಕೆಂಪಾಗಿ ಹರಿಯುವಾಗ ಹುಡುಕಲು ಹೋಗುವುದರಲ್ಲಿ ಅರ್ಥವೂ ಇಲ್ಲ, ಸುರಕ್ಷತೆಯೂ ಇಲ್ಲ. ಹಿಂಗಾರು ಮುಗಿದು ನೀರು ತಿಳಿಯಾಗುವ ಡಿಸೆಂಬರಿನಿಂದ ಮಾರ್ಚಿಯವರೆಗಿನ ಅವಧಿ ಉತ್ತಮ. ಕೃಷ್ಣರಾಜಸಾಗರದ ನಾಲೆಗಳಿಗೆ ಕಟ್ಟುಪದ್ಧತಿಯಲ್ಲಿ ನೀರು ಬಿಡುವ ವರ್ಷಗಳಲ್ಲಿ, ನೀರು ನಿಲ್ಲಿಸಿದ ದಿನಗಳಂದು ಸೇತುವೆಯಡಿ ಮತ್ತು ತೂಬಿನ ಬುಡದಲ್ಲಿ ಉಳಿಯುವ ಗುಂಡಿಗಳು ಜೀವಿಗಳು ಒತ್ತೊತ್ತಾಗಿ ಸೇರುವ ತಾಣಗಳಾಗುತ್ತವೆ. ಆದರೆ ಗೇಟು ತೆರೆದರೆ ನೀರು ಮತ್ತೆ ತುಂಬುತ್ತದೆ. ಆದ್ದರಿಂದ ವಿಶ್ವೇಶ್ವರಯ್ಯ ನಾಲೆಯಂಥ ದೊಡ್ಡ ನಾಲೆಯ ಒಳಗೆ, ಅದು ಒಣಗಿದ್ದರೂ, ಇಳಿಯಲೇಬಾರದು. ಇಳಿಜಾರಾದ ಸಿಮೆಂಟಿನ ಗೋಡೆಯ ಮೇಲೆ ಪಾಚಿ ಕಟ್ಟಿದರೆ ಹತ್ತಿ ಬರಲು ಹಿಡಿತವೇ ಸಿಗದು. ಗದ್ದೆಗೆ ನೀರುಣಿಸುವ ಮೊಣಕಾಲುದ್ದದ ಸಣ್ಣ ಕಾಲುವೆಗಳಲ್ಲಿ ಇದೇ ಜೀವಿಯನ್ನು ನಿಶ್ಚಿಂತೆಯಿಂದ ಹುಡುಕಬಹುದು.

ಬೇಸಿಗೆಯ ಕೊನೆಯಲ್ಲಿ ಕೆರೆ ಬತ್ತುವಾಗ ನಡೆಯುವ ಸಂಗತಿ ಈ ಕುಲದ ವಿಶೇಷ. ಕೆಲವು ಫೆರಿಸಿಯಾಗಳು ಚಿಪ್ಪಿನ ಬಾಯಿಯ ಹಿಂಭಾಗಕ್ಕೆ ಅಡ್ಡಲಾಗಿ ಸುಣ್ಣದ ತೆಳುಹಲಗೆಯೊಂದನ್ನು ಕಟ್ಟಿ, ಬಾಯಿಯನ್ನು ಕಿರಿದುಗೊಳಿಸಿ, ಒಳಗೆ ಮುದುಡಿಕೊಂಡು ಒಣಗಾಲವನ್ನು ಕಳೆಯುತ್ತವೆ. ನೀರು ಬಂದ ಮೇಲೆ ಬೆಳವಣಿಗೆ ಮುಂದುವರಿದಾಗ ಹಳೆಯ ಚಿಪ್ಪು ಹೊಸದರ ಬೆನ್ನ ಮೇಲೆ ಕುಳಿತಂತೆ ಮೆಟ್ಟಿಲಾಗಿ ಕಾಣುತ್ತದೆ. ಇಂಥ ಚಿಪ್ಪುಗಳನ್ನು ಹಿಂದೆ ಬೇರೆಯೇ ಜೀವಿಗಳೆಂದು ತಿಳಿದು ಬೇರೆ ಹೆಸರಿಟ್ಟದ್ದೂ ಉಂಟು. ಏಪ್ರಿಲ್–ಮೇ ತಿಂಗಳಲ್ಲಿ ಒಣಗಿದ ಕೆರೆಯಂಚಿನ ಕಲ್ಲಿನಡಿ, ಜೊಂಡಿನ ಬುಡದಲ್ಲಿ ಚಿಪ್ಪು ಸಿಕ್ಕರೆ ಅದನ್ನು ಮಗುಚಿ ಹಲಗೆಯಿದೆಯೇ ಎಂದು ತಪ್ಪದೆ ನೋಡಬೇಕು. ಹಲಗೆಯಿದ್ದರೆ ಅದು ಸತ್ತ ಚಿಪ್ಪಲ್ಲದಿರಬಹುದು, ಇದ್ದಲ್ಲಿಯೇ ಇಡಬೇಕು.

ಮೈಕೈಗೆ ಸಂಬಂಧಿಸಿದ ಎಚ್ಚರಿಕೆಗಳು ಕೆಲವಿವೆ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯಲ್ಲಿ ಮೊಸಳೆಗಳಿವೆ. ಹೊಳೆಯಲ್ಲಿ ಒಬ್ಬರೇ ಇಳಿಯುವುದು, ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ದಡದಲ್ಲಿ ಕುಕ್ಕರಗಾಲಲ್ಲಿ ಕೂರುವುದು ಎರಡೂ ಬೇಡ. ದನ ಎಮ್ಮೆಗಳು ನೀರಿಗಿಳಿಯುವ ಕೆರೆಗಳಲ್ಲಿ, ಅವುಗಳಿಗೆ ಗೊರಕೆ ರೋಗ ತರುವ ರಕ್ತಹುಳುವಿನ ಮರಿಗಳು ಇಂಡೋಪ್ಲಾನಾರ್ಬಿಸ್ ಹುಳುವಿನಿಂದ ಹೊರಬಂದು ನೀರಿನಲ್ಲಿ ಈಜುತ್ತಿರುತ್ತವೆ. ಇಂಥ ಮರಿಗಳು ಮನುಷ್ಯನ ಚರ್ಮಕ್ಕೆ ತಾಗಿದರೆ ತುರಿಕೆ ಗಂದೆಗಳೇಳಬಹುದು. ಲಿಂಪೆಟ್ಟಿನ ಹೆಸರೂ ಇಂಥ ಕಥೆಯೊಂದರಲ್ಲಿ ಬರುತ್ತದೆ. 1952ರಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಮನುಷ್ಯರಿಗೆ ತಗಲುವ ಶಿಸ್ಟೊಸೋಮಿಯಾಸಿಸ್ ಎಂಬ ರಕ್ತಹುಳುವಿನ ರೋಗ ಪತ್ತೆಯಾದಾಗ, ಅದರ ವಾಹಕವೆಂದು ಗುರುತಿಸಲ್ಪಟ್ಟದ್ದು ಫೆರಿಸಿಯಾ ಟೆನುಯಿಸ್. ಇದು ಒಂದು ಊರಿನ ಒಂದು ಕಾಲದ ಸಂಗತಿಯೇ ಹೊರತು ಲಿಂಪೆಟ್ ಕಂಡಲ್ಲೆಲ್ಲ ರೋಗವಿದೆಯೆಂದು ಹೆದರಲು ಕಾರಣವಲ್ಲ. ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕಿಕೊಂಡು, ಮುಗಿದೊಡನೆ ಚರ್ಮವನ್ನು ಒಣಬಟ್ಟೆಯಿಂದ ಉಜ್ಜಿಕೊಂಡರೆ ಸಾಕು. ಕೈಗವಸಿದ್ದರೆ ಜಿಗಣೆಯ ಕಾಟವೂ ತಪ್ಪುತ್ತದೆ.

ಹುಡುಕುವ ಕ್ರಮ

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. 10 ಪಟ್ಟು ಹಿಗ್ಗಿಸುವ ಕೈಮಸೂರ, ಬಿಳಿಯ ಅಗಲವಾದ ತಟ್ಟೆ, ಚಿತ್ರ ಬರೆಯುವ ಮೆತ್ತನೆಯ ಸಣ್ಣ ಕುಂಚ, ಒಂದೆರಡು ಪಾರದರ್ಶಕ ಡಬ್ಬಿ, ಪ್ಲಾಸ್ಟಿಕ್ ಹೊದಿಸಿದ ಗ್ರಾಫ್ ಕಾಗದದ ತುಂಡು, ಪೆನ್ಸಿಲು ಮತ್ತು ಪುಸ್ತಕ ಇಷ್ಟಿದ್ದರೆ ಹೊರಡಬಹುದು. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಮಸೂರವಿದ್ದರೆ ಒಳ್ಳೆಯದು.

ಕಲ್ಲನ್ನು ಎತ್ತುವಾಗ ಒಮ್ಮೆಲೇ ಕಿತ್ತೆತ್ತದೆ, ನೀರಿನೊಳಗೇ ನಿಧಾನವಾಗಿ ಓರೆಮಾಡಿ ಹೊರತೆಗೆಯಬೇಕು. ರಭಸವಾಗಿ ಎತ್ತಿದರೆ ಸಡಿಲವಾಗಿ ಕುಳಿತಿದ್ದ ಜೀವಿಗಳು ತೊಳೆದುಹೋಗುತ್ತವೆ. ಮೇಲಿನ ನೀರು ಇಳಿದುಹೋಗುವವರೆಗೆ ತಾಳ್ಮೆಯಿಂದಿರಬೇಕು. ಒದ್ದೆ ಕಲ್ಲಿನ ಹೊಳಪಿನಲ್ಲಿ ಲಿಂಪೆಟ್ ಒಂದು ನೀರಹನಿಯಾಗಿಯೇ ತೋರುತ್ತದೆ. ಉಳಿದ ಹನಿಗಳು ಜಾರಿ ಆರಿಹೋದ ಮೇಲೂ ಅಲ್ಲೇ ನಿಂತಿರುವ ಹನಿ ಯಾವುದೆಂದು ನೋಡುವುದೇ ಇಲ್ಲಿನ ಉಪಾಯ. ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳದೆ ಪಕ್ಕಕ್ಕಿಟ್ಟುಕೊಂಡು, ಕಲ್ಲನ್ನು ಕಣ್ಣಿನ ಮಟ್ಟಕ್ಕೆ ಏರಿಸಿ ಅದರ ಮೇಲ್ಮೈಯುದ್ದಕ್ಕೂ ಓರೆಯಾಗಿ ದೃಷ್ಟಿ ಹಾಯಿಸಿದರೆ, ಪುಟ್ಟ ಉಬ್ಬು ತನ್ನ ನೆರಳಿನಿಂದಲೇ ಎದ್ದು ಕಾಣುತ್ತದೆ. ನಡುಹಗಲಿನ ನೇರ ಬಿಸಿಲಿಗಿಂತ ಬೆಳಗಿನ ಒಂಬತ್ತು ಹತ್ತು ಗಂಟೆಯ ಬಿಸಿಲು ಇದಕ್ಕೆ ಅನುಕೂಲ. ಎಲೆ ಮತ್ತು ದಂಟುಗಳನ್ನು ಬಿಳಿಯ ತಟ್ಟೆಯಲ್ಲಿ ತೆಳುವಾದ ನೀರಿನಲ್ಲಿ ಹರಡಿ ಐದು ನಿಮಿಷ ಅಲುಗಿಸದೆ ಬಿಡಬೇಕು. ಒಣಬೆಳೆಯ ಸಿಪ್ಪೆಯ ಚೂರೆಂದು ತೋರಿದ್ದು ಆ ನಡುವೆ ಒಂದಿಷ್ಟು ಸರಿದಿದ್ದರೆ ಅನುಮಾನ ಬಗೆಹರಿಯಿತು.

ಹಾಗೆ ತೋರುವುದೆಲ್ಲ ಲಿಂಪೆಟ್ ಅಲ್ಲ. ಜಿಗಣೆಗಳು ಕಲ್ಲಿಗೆ ಅಂಟಿಸುವ ಕಂದುಬಣ್ಣದ ಅಂಡಾಕಾರದ ಮೊಟ್ಟೆಕೋಶಗಳು ಮೊದಲ ನೋಟಕ್ಕೆ ಮೋಸ ಮಾಡುತ್ತವೆ; ಅವು ಚಪ್ಪಟೆಯಾಗಿದ್ದು ಅವಕ್ಕೆ ಲಿಂಪೆಟ್ ಚಿಪ್ಪಿಗಿರುವಂಥ ಶಿಖರ, ಅಂದರೆ ಮೇಲೆದ್ದ ತುದಿ, ಇರುವುದಿಲ್ಲ. ಹರಿವಿನ ಕಲ್ಲುಗಳಲ್ಲಿ ಸಿಗುವ ಒಂದು ಜಾತಿಯ ನೀರ್ಜೀರುಂಡೆಯ ಮರಿಗಳು ನಾಣ್ಯದಂತೆ ಚಪ್ಪಟೆಯಾಗಿರುತ್ತವೆ, ಮಗುಚಿದರೆ ಆರು ಕಾಲುಗಳು ಕಾಣುತ್ತವೆ. ಅಂಟುಲೋಳೆಯಲ್ಲಿ ಹಲವು ಚುಕ್ಕೆಗಳಿದ್ದರೆ ಅವು ಬೇರೆ ಬಸವನಹುಳುವಿನ ಮೊಟ್ಟೆಗಳು. ಲಿಂಪೆಟ್ಟಿನ ಮೊಟ್ಟೆಕೋಶ ತೀರ ಸಣ್ಣದು, ಪಾರದರ್ಶಕ, ಕಲ್ಲಿಗೆ ಒತ್ತಿಕೊಂಡಿರುತ್ತದೆ, ಒಳಗೆ ಸಾಮಾನ್ಯವಾಗಿ ಒಂದೋ ಎರಡೋ ಭ್ರೂಣ.

ಜೀವಿಯನ್ನು ಕಲ್ಲಿನಿಂದ ಬಿಡಿಸುವ ಅಗತ್ಯ ಬಹಳ ಸಲ ಇರುವುದೇ ಇಲ್ಲ. ಬಿಡಿಸಲೇಬೇಕೆಂದಾಗ ಉಗುರಿನಿಂದ ಅಥವಾ ಚಿಮಟದಿಂದ ಎಳೆದರೆ ಚಿಪ್ಪು ಒಡೆಯುತ್ತದೆ, ಇಲ್ಲವೇ ಚಿಪ್ಪು ಕೈಗೆ ಬಂದು ಮೈ ಕಲ್ಲಿನಲ್ಲೇ ಉಳಿಯುತ್ತದೆ. ಕಲ್ಲನ್ನು ನೀರಿನಲ್ಲಿಟ್ಟು ಅದು ನಡೆಯಲಾರಂಭಿಸುವವರೆಗೆ ಕಾದು, ಆಗ ಒದ್ದೆ ಕುಂಚದ ಅಂಚನ್ನು ಪಕ್ಕದಿಂದ ತೂರಿಸಿದರೆ ಸಲೀಸಾಗಿ ಬಿಡುತ್ತದೆ. ಎಲೆಯ ಮೇಲಿದ್ದರೆ ಎಲೆಯ ತುಂಡನ್ನೇ ಕತ್ತರಿಸಿಕೊಳ್ಳುವುದು ಮೇಲು. ತಿರುಗಿಸಿದ ಕಲ್ಲುಗಳನ್ನು ಮೊದಲಿದ್ದ ಮಗ್ಗುಲಿಗೇ ಮರಳಿಸಬೇಕು. ಅಡಿಭಾಗದ ನೆರಳಿಗೆ ಒಗ್ಗಿದ ಮೊಟ್ಟೆಗಳನ್ನು ಬಿಸಿಲಿಗೆ ಒಡ್ಡಿ ಬರುವುದು ಸಲ್ಲದು.

ಕಲ್ಲೇ ಇಲ್ಲದ ಕೆರೆಗೆ ಇನ್ನೊಂದು ದಾರಿಯಿದೆ. ನಯವಾದ ಬಿಳಿ ಟೈಲ್ಸಿನ ತುಂಡುಗಳಿಗೆ ನೈಲಾನ್ ದಾರ ಕಟ್ಟಿ, ತೂಬಿನ ಕಲ್ಲಿಗೋ ಬೇಲಿಗೂಟಕ್ಕೋ ಬಿಗಿದು, ಮೊಣಕೈಯಾಳದ ನೀರಿನಲ್ಲಿ ತೂಗುಬಿಟ್ಟು ನಾಲ್ಕರಿಂದ ಆರು ವಾರಗಳ ಬಳಿಕ ಎತ್ತಿ ನೋಡುವುದು. ಟೈಲ್ಸು ತಳಕ್ಕೆ ತಾಗದಂತಿದ್ದರೆ ಹೂಳು ಕೂರುವುದು ಕಡಿಮೆ. ಮೀನುಗಾರರ ಬಲೆಗೆ ಸಿಕ್ಕದಂತೆ ಅವರಿಗೊಂದು ಮಾತು ಹೇಳಿಟ್ಟಿರಬೇಕು.

ಗುರುತು ಹಿಡಿಯುವುದು

ಚಿಪ್ಪಿನ ಉದ್ದ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಅಗಲವಾದ ತುದಿ ಮುಂದಿನದು, ಕಿರಿದಾದದ್ದು ಹಿಂದಿನದು. ತಲೆ ಮುಂದಕ್ಕಿರುವಂತೆ ಮೇಲಿನಿಂದ ನೋಡಿದಾಗ ಫೆರಿಸಿಯಾದ ಶಿಖರ ನಡುವಿನಿಂದ ಹಿಂದಕ್ಕೂ ಬಲಕ್ಕೂ ಸರಿದಿರುತ್ತದೆ. ಯೂರೋಪಿನ ಕೆರೆಗಳ ಅಕ್ರೊಲೋಕ್ಸಸ್ ಎಂಬ ಇನ್ನೊಂದು ಲಿಂಪೆಟ್ಟಿನಲ್ಲಿ ಅದು ಎಡಕ್ಕೆ ವಾಲಿರುತ್ತದೆ. ಗಾಜಿನ ಕೆಳಗಿನಿಂದ ತೆಗೆದ ಚಿತ್ರದಲ್ಲಿ ಎಡಬಲಗಳು ಅದಲುಬದಲಾಗುವುದರಿಂದ ಚಿತ್ರವನ್ನು ಎತ್ತಲಿಂದ ತೆಗೆದದ್ದೆಂದು ಬರೆದಿಡುವುದು ಅವಶ್ಯ. ಶಿಖರದ ಸುತ್ತ ಕೂದಲೆಳೆಯಂಥ ಸೂಕ್ಷ್ಮ ಕಿರಣಗೆರೆಗಳಿರುತ್ತವೆ. ಅವನ್ನು ಕಾಣಲು ಕೈಮಸೂರ ಸಾಲದು, ಕಾಲೇಜಿನ ಸೂಕ್ಷ್ಮದರ್ಶಕ ಬೇಕು. ಜೀವಿಯನ್ನು ಗಾಜಿನ ಮೇಲೆ ನಡೆಯಲು ಬಿಟ್ಟು ಕೆಳಗಿನಿಂದ ನೋಡಿದರೆ ಅಗಲವಾದ ಪಾದ, ಬಾಯಿ, ಎರಡು ಸ್ಪರ್ಶಕಗಳು ಮತ್ತು ಅವುಗಳ ಬುಡದ ಕಪ್ಪು ಕಣ್ಣುಗಳು ಸ್ಪಷ್ಟವಾಗುತ್ತವೆ.

ಇಲ್ಲಿಗೆ ಕುಲ ತಿಳಿಯಿತು. ಜಾತಿಯ ಮಾತು ಬೇರೆ. ಭಾರತದಿಂದ ಫೆರಿಸಿಯಾ ವೆರುಕಾ, ಫೆರಿಸಿಯಾ ಟೆನುಯಿಸ್ ಮೊದಲಾದ ಹೆಸರುಗಳು ದಾಖಲಾಗಿವೆ. ಆದರೆ ಒಂದೇ ಜಾತಿಯ ಚಿಪ್ಪು ತೆಳುದಂಟಿನ ಮೇಲೆ ಬೆಳೆದರೆ ಕಿರಿದಾಗಿಯೂ ಅಗಲ ಕಲ್ಲಿನ ಮೇಲೆ ಬೆಳೆದರೆ ಅಗಲವಾಗಿಯೂ ಆಗುವುದರಿಂದ, ಆಕಾರವೊಂದನ್ನೇ ನಂಬಿ ಜಾತಿ ಹೇಳುವುದು ಸರಿಯಲ್ಲ. ಯೂರೋಪಿನಲ್ಲಿ ದೀರ್ಘಕಾಲ ಸ್ಥಳೀಯವೆಂದು ಭಾವಿಸಿದ್ದ ಫೆರಿಸಿಯಾ ಉತ್ತರ ಅಮೆರಿಕದಿಂದ ಬಂದದ್ದೆಂದು ಡಿಎನ್‌ಎ ಪರೀಕ್ಷೆಯ ನಂತರವೇ ತಿಳಿಯಿತು. ಅಕ್ವೇರಿಯಂ ಗಿಡಗಳ ಜೊತೆ ಇವು ದೇಶದಿಂದ ದೇಶಕ್ಕೆ ಸಾಗುತ್ತವೆ. ಆದ್ದರಿಂದ ಮನೆಯ ಮೀನುತೊಟ್ಟಿಯ ಗಾಜಿನ ಮೇಲೆ ಕಂಡ ಲಿಂಪೆಟ್ಟನ್ನು ಮೈಸೂರಿನದೆಂದು ದಾಖಲಿಸಬಾರದು, ತೊಟ್ಟಿಯ ನೀರನ್ನಾಗಲಿ ಗಿಡವನ್ನಾಗಲಿ ಕೆರೆಗೆ ಸುರಿಯಲೂಬಾರದು. ಇವು ಉಭಯಲಿಂಗಿಗಳು, ಸ್ವಗರ್ಭಧಾರಣೆಯೂ ಸಾಧ್ಯ. ಒಂದೇ ಒಂದು ಹೋಗಿ ಸೇರಿದರೂ ಸಂತತಿ ಬೆಳೆಯಬಹುದು. ಹೊಳೆಯ ಸಂಪರ್ಕವಿಲ್ಲದ ಕಲ್ಯಾಣಿಯಲ್ಲಿ ಲಿಂಪೆಟ್ ಹೇಗೆ ಬಂತೆಂಬುದಕ್ಕೂ ಇದರಲ್ಲಿ ಅರ್ಧ ಉತ್ತರವಿದೆ. ಉಳಿದರ್ಧವನ್ನು ಡಾರ್ವಿನ್ 1859ರಲ್ಲೇ ಸೂಚಿಸಿದ್ದ: ಹಾರಬಲ್ಲ ನೀರ್ಜೀರುಂಡೆಯೊಂದಕ್ಕೆ ಲಿಂಪೆಟ್ ಬಲವಾಗಿ ಅಂಟಿಕೊಂಡಿದ್ದುದನ್ನು ಭೂವಿಜ್ಞಾನಿ ಲಯೆಲ್ ತನಗೆ ತಿಳಿಸಿದ್ದಾಗಿ ಆತ ಬರೆದಿದ್ದಾನೆ.

ನೋಡಿದ್ದನ್ನು ಬರೆದಿಡುವಾಗ ಸ್ಥಳ, ದಿನಾಂಕ, ನೀರಿನ ಆಳ, ಹರಿವು, ಕುಳಿತಿದ್ದ ವಸ್ತು, ಜೊತೆಗಿದ್ದ ಜೀವಿಗಳು, ಹೂಳಿನ ಪ್ರಮಾಣ ಇವು ಇರಬೇಕು. ತಿರುಗಿಸಿದ ಇಪ್ಪತ್ತು ಕಲ್ಲುಗಳಲ್ಲಿ ಎಷ್ಟರ ಮೇಲೆ ಲಿಂಪೆಟ್ ಇತ್ತೆಂಬ ಲೆಕ್ಕ, ಒಟ್ಟು ಎಷ್ಟು ಸಿಕ್ಕಿತೆಂಬುದಕ್ಕಿಂತ ಹೆಚ್ಚು ಉಪಯುಕ್ತ. ಇಪ್ಪತ್ತರಲ್ಲಿ ಒಂದೂ ಇಲ್ಲದಿದ್ದರೆ ಅದನ್ನೂ ಬರೆಯಬೇಕು. ಗ್ರಾಫ್ ಕಾಗದದ ಮೇಲಿಟ್ಟು ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ತೆಗೆದ ಮೂರು ಚಿತ್ರಗಳನ್ನು ಜೀವಿಗಳ ದಾಖಲೆ ಸೇರಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಸೇರಿಸುವಾಗ ಹೆಸರಿನ ಜಾಗದಲ್ಲಿ ಫೆರಿಸಿಯಾ ಎಂದಷ್ಟೇ ನಮೂದಿಸುವುದು ಸರಿ. ತಜ್ಞರು ಮಾದರಿ ಕೇಳಿದಾಗ ಮಾತ್ರ, ಅದೂ ಸಂರಕ್ಷಿತ ಪ್ರದೇಶದ ಹೊರಗಿನಿಂದ, ಒಂದೆರಡನ್ನು 95 ಪ್ರತಿಶತ ಎಥನಾಲಿನಲ್ಲಿ ಹಾಕಿ ಕಳುಹಿಸಬಹುದು. ಫಾರ್ಮಲಿನ್ ಬಳಸಿದರೆ ಡಿಎನ್‌ಎ ಕೆಡುತ್ತದೆ. ಸ್ಥಳ ಮತ್ತು ದಿನಾಂಕದ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಶೀಶೆಯ ಒಳಗೇ ಹಾಕಬೇಕು, ಏಕೆಂದರೆ ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ.